ಯುದ್ಧ ನಿಂತಿತು, ಹುಕುಂ ನಿಲ್ಲಲಿಲ್ಲ

(ರಾಜಾಜಿನಗರದಲ್ಲಿ ಗಿರಣಿ ಕಾರ್ಮಿಕರು, ಸಣ್ಣ ಕಾರ್ಖಾನೆಗಳ ಕೆಲಸಗಾರರು ಹಾಗೂ ಚಿಲ್ಲರೆ ವರ್ತಕರು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಯುದ್ಧ ಆರಂಭವಾದ ದಿನ ಯಾವುದೆಂದು ಕೇಳಿದರೆ ಶಾಲೆಯ ಮಕ್ಕಳೂ ಹೇಳುತ್ತಾರೆ. ಯುದ್ಧ ಮುಗಿದ ದಿನವನ್ನೂ ಹೇಳುತ್ತಾರೆ. ಆದರೆ ಆ ಯುದ್ಧದ ಹೆಸರಿನಲ್ಲಿ ಸರ್ಕಾರದವರು ಪಡೆದುಕೊಂಡ ವಿಶೇಷಾಧಿಕಾರ ಯಾವ ದಿನ ಮುಗಿಯಿತು ಎಂದು ಕೇಳಿ ನೋಡಿ. ಪದವೀಧರರೂ ತಲೆ ಕೆರೆದುಕೊಳ್ಳುತ್ತಾರೆ. ಈ ಸಂಜೆ ನಾವು ಮಾತನಾಡಬೇಕೆಂದು ಬಂದಿರುವುದು ಆ ಎರಡು ತಾರೀಖುಗಳ ನಡುವಣ ಅವಧಿಯನ್ನು ಕುರಿತು. ಗಿರಣಿಯವನ ಬೋನಸ್ಸು ಹೋದದ್ದು, ಅಕ್ಕಸಾಲಿಗನ ಕುಲುಮೆ ಆರಿದ್ದು, ರೈಲ್ವೆ ಕೆಲಸಗಾರ ಜೈಲಿಗೆ ಹೋದದ್ದು ಎಲ್ಲವೂ ಆ ಅವಧಿಯಲ್ಲಿಯೇ.

ಮೊದಲು ಚೀನಾ ಯುದ್ಧದ ಲೆಕ್ಕವನ್ನು ತೆಗೆದುಕೊಳ್ಳೋಣ. 1962ರ ಅಕ್ಟೋಬರ್ 26ರಂದು ತುರ್ತುಪರಿಸ್ಥಿತಿ ಘೋಷಣೆಯಾಯಿತು. ನವೆಂಬರ್ 21ರಂದು ಚೀನಾ ತಾನಾಗಿಯೇ ಕದನವಿರಾಮ ಸಾರಿತು. ಒಂದು ತಿಂಗಳೂ ತುಂಬಿರಲಿಲ್ಲ. ತುರ್ತುಪರಿಸ್ಥಿತಿ ರದ್ದಾದದ್ದು ಯಾವಾಗ? 1968ರ ಜನವರಿ 10ರಂದು. ಐದು ವರ್ಷಕ್ಕೂ ಮೇಲೆ ಭಾರತ ರಕ್ಷಣಾ ನಿಯಮಗಳು ಈ ದೇಶವನ್ನು ಆಳಿದವು. ರಕ್ಷಣೆ ಗಡಿಯಲ್ಲಿ ಆಗಬೇಕಾಗಿತ್ತು. ನಿಯಮಗಳು ನಡೆದದ್ದು ಊರೊಳಗೆ.

ಚಿಲ್ಲರೆ ವರ್ತಕರು ಇದನ್ನು ಗಮನವಿಟ್ಟು ಕೇಳಬೇಕು. 1963ರ ಜನವರಿಯಲ್ಲಿ, ಅಂದರೆ ಗುಂಡಿನ ಸದ್ದು ನಿಂತ ಏಳನೆಯ ವಾರದಲ್ಲಿ, ಅದೇ ಭಾರತ ರಕ್ಷಣಾ ನಿಯಮಗಳಿಗೆ ಒಂದು ಹೊಸ ಭಾಗ ಸೇರಿಸಿ ಚಿನ್ನದ ನಿಯಂತ್ರಣ ಜಾರಿಗೆ ತಂದರು. ಮೊರಾರ್ಜಿ ದೇಸಾಯಿಯವರು ಆಗ ಹಣಕಾಸು ಮಂತ್ರಿ. 14 ಕ್ಯಾರಟ್ಟಿಗಿಂತ ಹೆಚ್ಚಿನ ಚಿನ್ನದ ಒಡವೆ ಮಾಡಕೂಡದು ಎಂದಾಯಿತು. ನಮ್ಮ ಹೆಣ್ಣುಮಕ್ಕಳು 14 ಕ್ಯಾರಟ್ಟಿನ ತಾಳಿಯನ್ನು ಕಟ್ಟಿಸಿಕೊಳ್ಳುವವರೇ? ಸಾಹುಕಾರನ ಚಿನ್ನ ಗೋಡೆಯೊಳಗೆ ಭದ್ರವಾಗಿಯೇ ಉಳಿಯಿತು. ಇಕ್ಕಳ, ಊದುಗೊಳವೆ, ತಕ್ಕಡಿ ಬಿಟ್ಟರೆ ಬೇರೆ ಆಸ್ತಿಯಿಲ್ಲದ ಅಕ್ಕಸಾಲಿಗ ಬೀದಿಗೆ ಬಿದ್ದ. ದೇಶದ ನಾನಾ ಕಡೆ ಆತ್ಮಹತ್ಯೆಗಳಾದವು. ಇದನ್ನು ಯಾವ ಶಾಸನಸಭೆಯ ಕಾಯಿದೆಯಿಂದಲೂ ಮಾಡಲಿಲ್ಲ. ಯುದ್ಧಕಾಲದ ನಿಯಮವೊಂದರಿಂದ ಮಾಡಿದರು. ಕೊನೆಗೆ 1968ರಲ್ಲಿ, ತುರ್ತುಪರಿಸ್ಥಿತಿ ಹೋದ ಮೇಲೆ, ಅದನ್ನೇ ಕಾಯಿದೆಯಾಗಿ ಬರೆದುಕೊಂಡರು. ಆ ಕಾಯಿದೆ ರದ್ದಾದದ್ದು 1990ರಲ್ಲಿ. ಒಂದು ತಿಂಗಳ ಯುದ್ಧದಿಂದ ಹುಟ್ಟಿದ ಹುಕುಂ ಇಪ್ಪತ್ತೇಳು ವರ್ಷ ಬದುಕಿತು.

ಇನ್ನೊಂದು ಉದಾಹರಣೆ. 1965ರ ಆಗಸ್ಟಿನಲ್ಲಿ ಪಾಟ್ನಾದಲ್ಲಿ ಡಾಕ್ಟರ್ ರಾಮಮನೋಹರ ಲೋಹಿಯಾ ಅವರನ್ನು ಇದೇ ನಿಯಮಗಳ ಕೆಳಗೆ ಬಂಧಿಸಿದರು. ಲೋಹಿಯಾ ಅವರೇನು ಚೀನಾದವರ ಏಜೆಂಟರಾಗಿದ್ದರೇ? ಚೀನಾದ ವಿಚಾರದಲ್ಲಿ ಸರ್ಕಾರ ನಿದ್ದೆ ಮಾಡುತ್ತಿದೆ ಎಂದು ಎಲ್ಲರಿಗಿಂತ ಮೊದಲು ಕೂಗಿದವರಲ್ಲಿ ಅವರೊಬ್ಬರು. ಸರ್ವೋಚ್ಚ ನ್ಯಾಯಾಲಯ ಅದೇ ವರ್ಷ ಸೆಪ್ಟೆಂಬರ್ 7ರಂದು ಅವರನ್ನು ಬಿಡುಗಡೆ ಮಾಡಿತು. ನ್ಯಾಯಮೂರ್ತಿ ಹಿದಾಯತುಲ್ಲಾ ಅವರು ಅಂದು ಮೂರು ವರ್ತುಲಗಳ ಮಾತನ್ನು ಹೇಳಿದರು. ಹೊರಗಿನ ದೊಡ್ಡ ವರ್ತುಲ ಕಾನೂನು ಮತ್ತು ಸುವ್ಯವಸ್ಥೆ. ಅದರೊಳಗೆ ಸಾರ್ವಜನಿಕ ಶಾಂತಿ. ಅದರೊಳಗೆ ಎಲ್ಲಕ್ಕಿಂತ ಸಣ್ಣದು ರಾಷ್ಟ್ರದ ಭದ್ರತೆ. ಬೀದಿಯಲ್ಲಿ ಆಗುವ ಪ್ರತಿಯೊಂದು ಗಲಾಟೆಯನ್ನೂ ರಾಷ್ಟ್ರದ ಭದ್ರತೆಯ ವರ್ತುಲಕ್ಕೆ ತಳ್ಳಲಾಗದು ಎಂಬುದು ಅದರ ತಾತ್ಪರ್ಯ. ಗಮನಿಸಿ, ಆ ತೀರ್ಪು ಬಂದಾಗ ಪಾಕಿಸ್ತಾನದೊಡನೆ ಯುದ್ಧ ನಡೆಯುತ್ತಿತ್ತು. ಯುದ್ಧ ನಡೆಯುತ್ತಿರುವಾಗಲೇ ನ್ಯಾಯ ಹೇಳುವುದು ಸಾಧ್ಯ ಎಂಬುದಕ್ಕೆ ಅದು ಸಾಕ್ಷಿ.

ಇನ್ನು 1971ಕ್ಕೆ ಬರೋಣ. ಇಲ್ಲಿಂದ ಕಥೆ ನಮ್ಮ ಮಾಗಡಿ ರಸ್ತೆಗೇ ಬರುತ್ತದೆ.

ನಿಮ್ಮಲ್ಲಿ ಹಿರಿಯರಿಗೆ ಮಿನರ್ವ ಮಿಲ್ಲು ಗೊತ್ತು. ಗೋಪಾಲಪುರದ ಕಡೆ, ಬಿನ್ನಿ ಮಿಲ್ಲಿನ ನೆರೆಯಲ್ಲಿ. ಈಗಿನ ಹುಡುಗರಿಗೂ ಗೊತ್ತು, ಆದರೆ ಬೇರೆ ಕಾರಣಕ್ಕೆ. ಅಲ್ಲಿ ಸಿನಿಮಾದವರು ಸೆಟ್ಟು ಹಾಕುತ್ತಾರೆ, ನಾಯಕ ನೂರು ಜನರನ್ನು ಹೊಡೆಯುತ್ತಾನೆ. ಮಗ್ಗಗಳು ಅಲುಗಾಡಿಸುತ್ತಿದ್ದ ನೆಲದ ಮೇಲೆ ಈಗ ಪ್ಲೈವುಡ್ಡಿನ ಕೋಟೆಗಳು. ಆದರೆ ಈ ದೇಶದ ಯಾವ ಕಾನೂನು ಕಾಲೇಜಿಗೆ ಹೋದರೂ ಮಿನರ್ವ ಎಂದರೆ ಹುಡುಗರು ಎದ್ದು ನಿಂತು ಪಾಠ ಒಪ್ಪಿಸುತ್ತಾರೆ. ನಮ್ಮ ಬೆಂಗಳೂರಿನ ಒಂದು ಗಿರಣಿಯ ಹೆಸರು ಸಂವಿಧಾನದ ಕಂಬವೊಂದಕ್ಕೆ ಹೆಸರಾಗಿದೆ. ಅದರ ಪಕ್ಕದಲ್ಲೇ ಬದುಕುವ ನಮಗೆ ಆ ಕಥೆಯನ್ನು ಯಾರೂ ಸರಿಯಾಗಿ ಹೇಳಿಲ್ಲ.

1970ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಈ ಗಿರಣಿಯ ವ್ಯವಹಾರವನ್ನು ಪರಿಶೀಲಿಸಲು ಸಮಿತಿಯೊಂದನ್ನು ನೇಮಿಸಿತು. ಉತ್ಪಾದನೆ ಬಿದ್ದಿತ್ತು. ಮುಂದಿನ ಜನವರಿಯಲ್ಲಿ ವರದಿ ಬಂತು. 1971ರ ಅಕ್ಟೋಬರ್ 19ರಂದು, ಗಿರಣಿಯನ್ನು ಸಾರ್ವಜನಿಕ ಹಿತಕ್ಕೆ ಮಾರಕವಾಗಿ ನಡೆಸಲಾಗುತ್ತಿದೆ ಎಂಬ ಕಾರಣದಿಂದ ಆಡಳಿತವನ್ನು ಮಾಲೀಕರಿಂದ ತೆಗೆದು ರಾಷ್ಟ್ರೀಯ ಜವಳಿ ನಿಗಮಕ್ಕೆ ಕೊಟ್ಟರು. ಇದರಲ್ಲಿ ನಮಗೆ ತಕರಾರಿಲ್ಲ. ಗಿರಣಿಯ ಲಾಭವನ್ನು ಹೀರಿ, ಯಂತ್ರಗಳನ್ನು ತುಕ್ಕು ಹಿಡಿಸಿ, ಕೊನೆಗೆ ಬಾಗಿಲಿಗೆ ಬೀಗ ಹಾಕುವ ಮಾಲೀಕರನ್ನು ಈ ದೇಶದ ಎಲ್ಲ ಜವಳಿ ಪಟ್ಟಣಗಳ ಕಾರ್ಮಿಕರೂ ಕಂಡಿದ್ದಾರೆ. ಅಂಥ ಗಿರಣಿಗಳನ್ನು ಸರ್ಕಾರ ವಹಿಸಿಕೊಳ್ಳಬೇಕೆಂದು ಕೇಳಿದವರು ನಾವೇ.

ಅದಾಗಿ ಆರು ವಾರಕ್ಕೆ ಯುದ್ಧ ಬಂತು. 1971ರ ಡಿಸೆಂಬರ್ 3ರಂದು ತುರ್ತುಪರಿಸ್ಥಿತಿ ಘೋಷಣೆ. ಡಿಸೆಂಬರ್ 16ಕ್ಕೆ ಢಾಕಾದಲ್ಲಿ ಶರಣಾಗತಿ. ಹದಿನಾಲ್ಕು ದಿನದಲ್ಲಿ ಯುದ್ಧ ಮುಗಿದುಹೋಯಿತು. ಆ ತುರ್ತುಪರಿಸ್ಥಿತಿ ಮಾತ್ರ 1977ರ ಮಾರ್ಚಿನವರೆಗೆ ಹೋಗಲಿಲ್ಲ. 1975ರ ಜೂನ್ 25ರ ತುರ್ತುಪರಿಸ್ಥಿತಿಯನ್ನು ಎಲ್ಲರೂ ನೆನೆಯುತ್ತಾರೆ, ಪ್ರತಿ ವರ್ಷ ಪತ್ರಿಕೆಗಳಲ್ಲಿ ಬರೆಯುತ್ತಾರೆ. ಆದರೆ ಆ ರಾತ್ರಿ ಅದು ಬರಿಯ ನೆಲದ ಮೇಲೆ ಬೀಳಲಿಲ್ಲ. ಅದಕ್ಕೆ ಮೊದಲೇ ಮೂರೂವರೆ ವರ್ಷದಿಂದ ಇನ್ನೊಂದು ತುರ್ತುಪರಿಸ್ಥಿತಿ ಸದ್ದಿಲ್ಲದೆ ಜಾರಿಯಲ್ಲಿತ್ತು. ಎರಡನೆಯದು ಮೊದಲನೆಯದರ ಹೆಗಲ ಮೇಲೆ ಕುಳಿತು ಬಂತು.

ಆ ಮೂರೂವರೆ ವರ್ಷದಲ್ಲಿ ಏನಾಯಿತು? 1974ರ ಮೇ 8ರಂದು ರೈಲ್ವೆ ಕೆಲಸಗಾರರು ಮುಷ್ಕರ ಹೂಡಿದರು. ಮುಂದಾಳು ನಮ್ಮ ಮಂಗಳೂರಿನ ಜಾರ್ಜ್ ಫರ್ನಾಂಡಿಸ್. ಬೇಡಿಕೆ ಏನಿತ್ತು? ಕೆಲಸದ ವೇಳೆ, ಬೋನಸ್ಸು, ತುಟ್ಟಿಭತ್ಯೆ. ಢಾಕಾ ಬಿದ್ದು ಎರಡೂವರೆ ವರ್ಷ ಕಳೆದಿತ್ತು. ಆದರೂ ಆ ಮುಷ್ಕರವನ್ನು ಮುರಿಯಲು ಹೊರತೆಗೆದ ಆಯುಧ ಭಾರತ ರಕ್ಷಣಾ ನಿಯಮಗಳು. ಪಾಕಿಸ್ತಾನದ ಸೈನ್ಯಕ್ಕೆಂದು ಮಸೆದ ಕತ್ತಿಯನ್ನು ಲೈನ್‌ಮನ್ನನ ಕೊರಳಿಗೆ ಹಿಡಿದರು. ಇಪ್ಪತ್ತು ದಿನಕ್ಕೆ ಮುಷ್ಕರ ಮುರಿಯಿತು. ಸಾವಿರಾರು ಜನ ಜೈಲಿನಲ್ಲಿ, ಸಾವಿರಾರು ಜನ ಕೆಲಸದಿಂದ ಹೊರಗೆ. ಅದೇ ವರ್ಷ ಹೆಚ್ಚುವರಿ ತುಟ್ಟಿಭತ್ಯೆಯ ಅರ್ಧವನ್ನು ಕಡ್ಡಾಯ ಠೇವಣಿ ಎಂದು ಕಟ್ಟಿಹಾಕಿದರು. ಮರುವರ್ಷ ಸೆಪ್ಟೆಂಬರಿನಲ್ಲಿ ಒಂದು ಸುಗ್ರೀವಾಜ್ಞೆಯಿಂದ ಕನಿಷ್ಠ ಬೋನಸ್ಸನ್ನು ನೂರಕ್ಕೆ 8.33ರಿಂದ 4ಕ್ಕೆ ಇಳಿಸಿದರು. ಅಷ್ಟು ಹೊತ್ತಿಗೆ ಅದನ್ನು ಕೇಳುವ ಬಾಯಿಗಳೆಲ್ಲ ಒಳಗಿದ್ದವು.

ಇಲ್ಲೊಂದು ಮಾತು ಸ್ಪಷ್ಟವಾಗಬೇಕು. ಸಂವಿಧಾನದ 19ನೆಯ ವಿಧಿ ಎಂದರೆ ವಕೀಲರ ಸೊತ್ತು ಎಂದು ತಿಳಿದಿದ್ದೇವೆ. ಆ ಒಂದೇ ವಿಧಿಯಲ್ಲಿ ಮಾತನಾಡುವ ಹಕ್ಕಿದೆ, ಸಭೆ ಸೇರುವ ಹಕ್ಕಿದೆ, ಸಂಘ ಕಟ್ಟುವ ಹಕ್ಕಿದೆ, ಕಸುಬು ವ್ಯಾಪಾರ ನಡೆಸುವ ಹಕ್ಕೂ ಇದೆ. ಕಾರ್ಮಿಕನ ಯೂನಿಯನ್ನೂ ವರ್ತಕನ ಅಂಗಡಿಯೂ ಒಂದೇ ಸೂರಿನ ಕೆಳಗಿವೆ. ತುರ್ತುಪರಿಸ್ಥಿತಿ ಬಂದರೆ ಆ ಸೂರು ಪೂರ್ತಿ ಹಾರಿಹೋಗುತ್ತದೆ. ಯೂನಿಯನ್ನಿನವರಿಗೆ ಬಿದ್ದ ಏಟು ತನಗಲ್ಲ ಎಂದು ಕುಳಿತ ಅಂಗಡಿಯವನೂ, ಅಂಗಡಿಯವನಿಗೆ ಬಿದ್ದ ಏಟನ್ನು ನೋಡಿ ನಕ್ಕ ಕಾರ್ಮಿಕನೂ ಇದನ್ನು ತಿಳಿದಿದ್ದರೆ ಒಳ್ಳೆಯದಿತ್ತು.

ಈಗ ಮತ್ತೆ ಮಿನರ್ವಕ್ಕೆ. 1974ರಲ್ಲಿ ಪಾರ್ಲಿಮೆಂಟು ಕಾಯಿದೆ ಮಾಡಿ ದೇಶದ 103 ರೋಗಗ್ರಸ್ತ ಜವಳಿ ಗಿರಣಿಗಳನ್ನು ರಾಷ್ಟ್ರೀಕರಿಸಿತು. ಮಿನರ್ವ ಅದರಲ್ಲೊಂದು. ಒಳ್ಳೆಯದೇ ಆಯಿತು. ಆದರೆ 1975ರ ಆಗಸ್ಟಿನಲ್ಲಿ ಏನು ಮಾಡಿದರು ನೋಡಿ. ಅಲಹಾಬಾದ್ ಹೈಕೋರ್ಟು ಪ್ರಧಾನಮಂತ್ರಿ ಇಂದಿರಾ ಗಾಂಧಿಯವರ ಚುನಾವಣೆಯನ್ನು ಜೂನ್ 12ರಂದು ಅನೂರ್ಜಿತಗೊಳಿಸಿತ್ತು. ಮೊಕದ್ದಮೆ ಹೂಡಿದವರು ಸಮಾಜವಾದಿ ರಾಜನಾರಾಯಣ್. ಆ ಚುನಾವಣೆಯನ್ನು ಯಾವ ಕೋರ್ಟೂ ಮುಟ್ಟದಂತೆ ಸಂವಿಧಾನಕ್ಕೆ 39ನೆಯ ತಿದ್ದುಪಡಿ ತಂದರು. ಎರಡು ದಿನದಲ್ಲಿ ಎರಡೂ ಸದನಗಳಲ್ಲಿ ಅದನ್ನು ಪಾಸು ಮಾಡಿಸಿಕೊಂಡರು. ಅದೇ ತಿದ್ದುಪಡಿಯಲ್ಲಿ, ಅದೇ ಕಾಗದದಲ್ಲಿ, ಗಿರಣಿಗಳ ರಾಷ್ಟ್ರೀಕರಣದ ಕಾಯಿದೆಯನ್ನೂ ಕೋರ್ಟು ಮುಟ್ಟದ ಒಂಬತ್ತನೆಯ ಅನುಸೂಚಿಗೆ ಸೇರಿಸಿದರು. ಕ್ರಮಸಂಖ್ಯೆ 105. ಪ್ರಧಾನಮಂತ್ರಿಯ ಕುರ್ಚಿಯನ್ನೂ ಗಿರಣಿ ಕಾರ್ಮಿಕನ ಅನ್ನವನ್ನೂ ಒಂದೇ ಹಗ್ಗದಿಂದ ಕಟ್ಟಿದರು. ಹಗ್ಗ ಕಡಿಯಹೊರಟವನನ್ನು ಬಡವರ ವೈರಿ ಎನ್ನಬಹುದಲ್ಲ!

ಮುಂದೆ 42ನೆಯ ತಿದ್ದುಪಡಿ. 1976ರ ಡಿಸೆಂಬರಿನಲ್ಲಿ ಅಂಕಿತವಾಯಿತು. ಅದರ ರುಚಿ ನೋಡಿ. ಸಂವಿಧಾನದ ಪೀಠಿಕೆಗೆ 'ಸಮಾಜವಾದಿ' ಎಂಬ ಪದವನ್ನು ಸೇರಿಸಿತು. ಆಗ ದೇಶದ ಸಮಾಜವಾದಿಗಳಲ್ಲಿ ಬಹುಮಂದಿ ಸೆರೆಮನೆಯಲ್ಲಿದ್ದರು. ಕೈಗಾರಿಕೆಗಳ ಆಡಳಿತದಲ್ಲಿ ಕಾರ್ಮಿಕರಿಗೆ ಪಾಲು ಕೊಡಬೇಕೆಂಬ 43ಎ ವಿಧಿಯನ್ನು ಸೇರಿಸಿತು. ಆಗ ಕಾರ್ಮಿಕರಿಗೆ ಮುಷ್ಕರ ಮಾಡುವ ಸ್ವಾತಂತ್ರ್ಯವೂ ಇರಲಿಲ್ಲ. ಈ ಬೆಲ್ಲದ ಹಿಂದೆ ಎರಡು ಕಹಿ ಗುಳಿಗೆಗಳಿದ್ದವು. ಸಂವಿಧಾನಕ್ಕೆ ಪಾರ್ಲಿಮೆಂಟು ಮಾಡುವ ಯಾವ ತಿದ್ದುಪಡಿಯನ್ನೂ ಯಾವ ಕೋರ್ಟೂ ಪ್ರಶ್ನಿಸಕೂಡದು ಎಂಬುದು ಒಂದು. ನಿರ್ದೇಶಕ ತತ್ವಗಳಿಗಾಗಿ ಎಂದು ಹೇಳಿ ಮಾಡಿದ ಯಾವ ಕಾಯಿದೆಗೂ ಸಮಾನತೆಯ ಹಕ್ಕಾಗಲಿ 19ನೆಯ ವಿಧಿಯಾಗಲಿ ಅಡ್ಡ ಬರಕೂಡದು ಎಂಬುದು ಇನ್ನೊಂದು.

ಮಿನರ್ವದ ಮಾಲೀಕರು ಕೋರ್ಟಿಗೆ ಹೋದರು. ಅವರ ಪರ ನಾನಿ ಪಾಲ್ಖಿವಾಲಾ ವಾದಿಸಿದರು. 1980ರ ಜುಲೈ 31ರಂದು ಐವರು ನ್ಯಾಯಮೂರ್ತಿಗಳು ತೀರ್ಪು ಕೊಟ್ಟರು. ಮೊದಲ ಗುಳಿಗೆಯನ್ನು ಐವರೂ ಉಗುಳಿದರು. ಎರಡನೆಯದನ್ನು ನಾಲ್ವರು ಉಗುಳಿದರು. ಭಗವತಿಯವರು ಮಾತ್ರ, ಬಡವರ ಹಿತದ ಕಾಯಿದೆಗೆ ರಕ್ಷಣೆ ಇರಲಿ ಎಂದು ಭಿನ್ನಾಭಿಪ್ರಾಯ ಬರೆದರು. ಪಾರ್ಲಿಮೆಂಟಿಗೆ ಸಂವಿಧಾನ ಕೊಟ್ಟಿರುವುದು ಮಿತಿಯುಳ್ಳ ಅಧಿಕಾರ, ಆ ಅಧಿಕಾರವನ್ನೇ ಬಳಸಿ ಮಿತಿಯನ್ನು ಕಿತ್ತುಹಾಕಿಕೊಳ್ಳಲಾಗದು ಎಂಬುದು ಆ ತೀರ್ಪಿನ ತಿರುಳು. ಮನೆ ಬಾಡಿಗೆಗೆ ಕೊಟ್ಟರೆ ಬಾಡಿಗೆದಾರ ತಾನೇ ಕ್ರಯಪತ್ರ ಬರೆದುಕೊಂಡರೆ ಆದೀತೇ?

ಈ ತೀರ್ಪಿನ ಬಗ್ಗೆ ನಮ್ಮವರಲ್ಲಿ ಬಹುಕಾಲದಿಂದ ಒಂದು ಇರುಸುಮುರುಸಿದೆ. ಅದನ್ನು ಮುಚ್ಚಿಡುವುದು ಸರಿಯಲ್ಲ. ಕೇಸು ಗೆದ್ದದ್ದು ಗಿರಣಿ ಮಾಲೀಕ; ಅದರಲ್ಲಿ ನಾವು ಹಿಗ್ಗುವುದೇನು ಎಂದು ಕೇಳುವವರಿದ್ದಾರೆ. ಇದಕ್ಕೆ ಏಳು ವರ್ಷ ಮೊದಲಿನ, 1973ರ ಏಪ್ರಿಲ್ 24ರ ತೀರ್ಪಿನ ಬಗ್ಗೆಯೂ ಇದೇ ಪ್ರಶ್ನೆ. ಅದು ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳು ಕೇರಳದ ಭೂಸುಧಾರಣೆಯ ವಿರುದ್ಧ ಹೂಡಿದ ದಾವೆ. ಯಕ್ಷಗಾನದ ಆ ಕನ್ನಡ ಮಠದಿಂದ ಹೊರಟ ದಾವೆಯಲ್ಲಿ ಹದಿಮೂರು ನ್ಯಾಯಮೂರ್ತಿಗಳು ಕುಳಿತು, ಏಳು ಆರರ ಅಂತರದಲ್ಲಿ, ಸಂವಿಧಾನದ ಮೂಲರಚನೆಯನ್ನು ಪಾರ್ಲಿಮೆಂಟೂ ಕೆಡವಲಾಗದು ಎಂದರು. ಒಂದು ಕಡೆ ಮಠದ ಜಮೀನು, ಇನ್ನೊಂದು ಕಡೆ ಗಿರಣಿಯ ಮಾಲೀಕತ್ವ. ಎರಡೂ ಕನ್ನಡನಾಡಿನವರ ದಾವೆಗಳು. ಎರಡೂ ಆಸ್ತಿವಂತರ ದಾವೆಗಳು.

ನಮ್ಮ ಉತ್ತರ ಹೀಗಿದೆ. ಮೊದಲನೆಯದಾಗಿ, ಭೂಸುಧಾರಣೆ ನಿಲ್ಲಲಿಲ್ಲ. ಮಿನರ್ವವೂ ಮಾಲೀಕರಿಗೆ ಹಿಂದಿರುಗಲಿಲ್ಲ. ರಾಷ್ಟ್ರೀಕರಣದ ಕಾಯಿದೆಯನ್ನು ಸರ್ವೋಚ್ಚ ನ್ಯಾಯಾಲಯ 1986ರಲ್ಲಿ ಎತ್ತಿಹಿಡಿಯಿತು. ಅಂದರೆ ಕಾರ್ಮಿಕನ ಹಿತದ ಕಾಯಿದೆ ಕೋರ್ಟಿನ ಪರೀಕ್ಷೆಯಲ್ಲಿ ಗೆಲ್ಲಬಲ್ಲದಾಗಿತ್ತು. ಅದಕ್ಕೆ ಸರ್ವಾಧಿಕಾರದ ಊರುಗೋಲು ಬೇಕಿರಲಿಲ್ಲ. ಎರಡನೆಯದಾಗಿ, ಆಸ್ತಿವಂತನ ಬಳಿ ಪಾಲ್ಖಿವಾಲಾ ಅವರನ್ನು ನೇಮಿಸಿಕೊಳ್ಳಲು ಹಣವಿತ್ತು, ಲೈನ್‌ಮನ್ನನ ಬಳಿ ಇರಲಿಲ್ಲ. ಆದ್ದರಿಂದ ದಾವೆ ಆಸ್ತಿವಂತನ ಹೆಸರಿನಲ್ಲಿ ಬಂತು. ಬಾವಿಯನ್ನು ಸಾಹುಕಾರ ತೋಡಿಸಿದ ಎಂದು ನೀರನ್ನು ಬೇಡವೆನ್ನುವ ಹುಚ್ಚು ನಮಗಿಲ್ಲ. ಮೂರನೆಯದು ನಮ್ಮ ಮಟ್ಟಿಗೆ ಮುಖ್ಯವಾದದ್ದು. ರಾಷ್ಟ್ರೀಕರಣವಾದ ಗಿರಣಿ ಏನಾಯಿತು? ಹುಕುಂ ಮೂಲಕ ಬಂದ ಒಡೆತನದಲ್ಲಿ ಕಾರ್ಮಿಕನಿಗೆ ಪಾಲು ಬರಲಿಲ್ಲ. 43ಎ ವಿಧಿ ಪುಸ್ತಕದಲ್ಲಿ ಉಳಿಯಿತು. ಮಾಲೀಕನ ಜಾಗದಲ್ಲಿ ಅಧಿಕಾರಿ ಕುಳಿತ. ಯಂತ್ರ ಹಳೆಯದಾಯಿತು, ಮಿಲ್ಲು ಮುಚ್ಚಿತು, ನಿವೇಶನದ ಬೆಲೆ ಏರಿತು. ಕೇಳುವ ಹಕ್ಕನ್ನು ಕಿತ್ತುಕೊಂಡು ಕೊಟ್ಟ ಅನ್ನ ಎಷ್ಟು ದಿನ ಬಂತು ಎಂಬುದನ್ನು ಬೆಂಗಳೂರಿನ ಗಿರಣಿ ಕಾರ್ಮಿಕರ ಮನೆಗಳಲ್ಲಿ ವಿಚಾರಿಸಿ.

ಆ ದಿನಗಳ ಬೆಂಗಳೂರನ್ನೂ ಸ್ವಲ್ಪ ನೆನೆಯೋಣ. 1975ರ ಜೂನ್ 26ರಂದು ಪಾರ್ಲಿಮೆಂಟರಿ ಸಮಿತಿಯ ಕೆಲಸಕ್ಕೆಂದು ಇಲ್ಲಿಗೆ ಬಂದಿದ್ದ ವಾಜಪೇಯಿ, ಆಡ್ವಾಣಿ, ಮಧು ದಂಡವತೆ, ಶ್ಯಾಮನಂದನ ಮಿಶ್ರ ಇಲ್ಲಿಯೇ ಬಂಧಿತರಾದರು. 1976ರ ಮೇ ತಿಂಗಳಲ್ಲಿ ಜಾರ್ಜ್ ಎಲ್ಲಿದ್ದಾರೆಂದು ಹೇಳಿಸಲು ಅವರ ತಮ್ಮ ಲಾರೆನ್ಸ್ ಫರ್ನಾಂಡಿಸರನ್ನು ಪೊಲೀಸರು ಹಿಡಿದು ಚಿತ್ರಹಿಂಸೆ ಕೊಟ್ಟರು. ಅದೇ ಮೇ ಮೊದಲ ವಾರದಲ್ಲಿ ಸ್ನೇಹಲತಾ ರೆಡ್ಡಿಯವರ ಬಂಧನವಾಯಿತು. ಅವರು ರಂಗಭೂಮಿಯ ಕಲಾವಿದೆ. ಅವರ ಪತಿ ಪಟ್ಟಾಭಿರಾಮ ರೆಡ್ಡಿಯವರು ನಿರ್ದೇಶಿಸಿದ 'ಸಂಸ್ಕಾರ' ಚಿತ್ರದಲ್ಲಿ ಚಂದ್ರಿಯ ಪಾತ್ರ ಮಾಡಿದವರು. ಆ ಚಿತ್ರವನ್ನು ಸೆನ್ಸಾರಿನವರು ಮೊದಲು ತಡೆದು, ಆಮೇಲೆ ಬಿಟ್ಟು, ಕೊನೆಗೆ ಅದೇ ಸರ್ಕಾರ 1970ರ ಅತ್ಯುತ್ತಮ ಚಿತ್ರವೆಂದು ಬಹುಮಾನ ಕೊಟ್ಟಿತ್ತು. ಸ್ನೇಹಲತಾ ಅವರ ಮೇಲೆ ಯಾವ ಅಪರಾಧವೂ ರುಜುವಾತಾಗಲಿಲ್ಲ. ಉಬ್ಬಸದ ರೋಗಿ. ಬೆಂಗಳೂರು ಕೇಂದ್ರ ಕಾರಾಗೃಹದಲ್ಲಿ ಎಂಟು ತಿಂಗಳು ಇಟ್ಟು, ಇನ್ನು ಉಳಿಯುವುದಿಲ್ಲ ಎನ್ನುವ ಸ್ಥಿತಿಗೆ ಬಂದಾಗ 1977ರ ಜನವರಿ 15ರಂದು ಪೆರೋಲಿನ ಮೇಲೆ ಹೊರಗೆ ಬಿಟ್ಟರು. ಐದು ದಿನ ಬದುಕಿದರು. ಆ ಜೈಲು ಈಗ ಫ್ರೀಡಂ ಪಾರ್ಕು. ನಾವು ಧರಣಿ ಕೂರಲು ಹೋಗುವ ಜಾಗ ಅದೇ. ಈಗ ಈ ನಗರದಲ್ಲಿ ಪ್ರತಿಭಟನೆಯನ್ನು ಅಲ್ಲಿಯೇ ಮಾಡಬೇಕೆಂದು ಕಟ್ಟುಮಾಡಿದ್ದಾರೆ. ಹಳೆಯ ಜೈಲಿನ ಅಂಗಳವೇ ಪ್ರತಿಭಟನೆಗೆ ಯೋಗ್ಯ ಎಂದು ಯಾರಿಗೆ ಹೊಳೆಯಿತೋ ಕಾಣೆವು.

ಅದೇ ಹೊತ್ತಿಗೆ ಸರ್ವೋಚ್ಚ ನ್ಯಾಯಾಲಯ ಏನು ಮಾಡುತ್ತಿತ್ತು? ನಮ್ಮ ಕರ್ನಾಟಕ ಹೈಕೋರ್ಟೂ ಸೇರಿ ಹಲವು ಹೈಕೋರ್ಟುಗಳು ಬಂಧಿತರ ಅರ್ಜಿಯನ್ನು ಕೇಳುತ್ತೇವೆ ಎಂದಿದ್ದವು. 1976ರ ಏಪ್ರಿಲ್ 28ರಂದು ಸರ್ವೋಚ್ಚ ನ್ಯಾಯಾಲಯ ಕೇಳಕೂಡದು ಎಂದಿತು. ಖನ್ನಾ ಒಬ್ಬರೇ ವಿರೋಧಿಸಿದರು, ಮುಖ್ಯ ನ್ಯಾಯಾಧೀಶನ ಪದವಿ ಕಳೆದುಕೊಂಡರು. ಬಹುಮತದಲ್ಲಿದ್ದವರಲ್ಲಿ ವೈ. ವಿ. ಚಂದ್ರಚೂಡರೊಬ್ಬರು, ನಾಲ್ಕು ವರ್ಷದ ಮೇಲೆ ಮಿನರ್ವದ ತೀರ್ಪು ಬರೆದವರೂ ಅವರೇ. ಅವರ ಮಗ ಡಿ. ವೈ. ಚಂದ್ರಚೂಡರು 2017ರಲ್ಲಿ ತಂದೆಯ ಆ ತೀರ್ಪು ತಪ್ಪೆಂದು ಬರೆದರು. ಆ ದಾವೆ ಹೂಡಿದವರು ಬೆಂಗಳೂರಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. ತಪ್ಪು ತಿದ್ದಲು ನಲವತ್ತೊಂದು ವರ್ಷ ಹಿಡಿಯಿತು. ಜೈಲಿನಲ್ಲಿದ್ದವರಿಗೆ ಅಷ್ಟು ಪುರುಸೊತ್ತಿರಲಿಲ್ಲ.

ಜನ ಮಾತ್ರ ಅಷ್ಟು ದಿನ ಕಾಯಲಿಲ್ಲ. 1973ರಲ್ಲಿ ಸರ್ಕಾರದ ಮರ್ಜಿಗೆ ಬಗ್ಗದೆ ಜ್ಯೇಷ್ಠತೆ ಕಳೆದುಕೊಂಡು ರಾಜೀನಾಮೆ ಕೊಟ್ಟ ನ್ಯಾಯಮೂರ್ತಿ ಕೆ. ಎಸ್. ಹೆಗ್ಡೆಯವರನ್ನು 1977ರಲ್ಲಿ ಬೆಂಗಳೂರು ದಕ್ಷಿಣದ ಮತದಾರರು ಲೋಕಸಭೆಗೆ ಕಳಿಸಿದರು. ಅವರು ಅಲ್ಲಿ ಸಭಾಧ್ಯಕ್ಷರೂ ಆದರು. 1978ರಲ್ಲಿ 44ನೆಯ ತಿದ್ದುಪಡಿ ಬಂತು. 'ಆಂತರಿಕ ಗಲಭೆ' ಎಂಬ ಸಡಿಲ ಮಾತು ಹೋಗಿ 'ಸಶಸ್ತ್ರ ಬಂಡಾಯ' ಎಂದಾಯಿತು. ಮಂತ್ರಿಮಂಡಲ ಲಿಖಿತ ಸಲಹೆ ಕೊಡಬೇಕು. ಪ್ರಾಣದ ಹಕ್ಕನ್ನು ಎಂದಿಗೂ ಅಮಾನತಿನಲ್ಲಿಡುವಂತಿಲ್ಲ. ಆರು ತಿಂಗಳಿಗೊಮ್ಮೆ ಪಾರ್ಲಿಮೆಂಟಿನ ಒಪ್ಪಿಗೆ ಬೇಕು. ಆದರೆ ಯುದ್ಧದ ತುರ್ತುಪರಿಸ್ಥಿತಿಯಲ್ಲಿ 19ನೆಯ ವಿಧಿ ಇಂದಿಗೂ ಹಾರಿಹೋಗುತ್ತದೆ. ಆ ಕಿಂಡಿಯನ್ನು ಮುಚ್ಚಲಿಲ್ಲ.

1977ರಿಂದ ಈಚೆಗೆ ಅಂಥ ತುರ್ತುಪರಿಸ್ಥಿತಿ ಘೋಷಣೆಯಾಗಿಲ್ಲ. 1999ರ ಕಾರ್ಗಿಲ್ ಹೊತ್ತಿಗೂ ಆಗಲಿಲ್ಲ, 2025ರ ಮೇ ತಿಂಗಳ ನಾಲ್ಕು ದಿನದ ಕದನದಲ್ಲೂ ಆಗಲಿಲ್ಲ. ಹಾಗೆಂದು ನಿಶ್ಚಿಂತೆಯಿಂದ ಮಲಗಬಹುದೇ? ಮುಂಬಾಗಿಲಿಗೆ ಬೀಗ ಬಿದ್ದ ಮೇಲೆ ಸರ್ಕಾರದವರು ಹಿತ್ತಲ ಬಾಗಿಲನ್ನು ಅಭ್ಯಾಸ ಮಾಡಿಕೊಂಡರು. ಈಗ ಒಂದು ಅಧಿಸೂಚನೆ ಸಾಕು. ಆ ನಾಲ್ಕು ದಿನಗಳಲ್ಲಿ ಎಕ್ಸ್ ಎಂಬ ಜಾಲತಾಣವೊಂದಕ್ಕೇ ಎಂಟು ಸಾವಿರಕ್ಕೂ ಹೆಚ್ಚು ಖಾತೆಗಳನ್ನು ಮುಚ್ಚಲು ಆದೇಶ ಹೋಯಿತು ಎಂದು ಆ ಕಂಪನಿಯೇ ಹೇಳಿತು. ಅದರಲ್ಲಿ ಸುಳ್ಳು ಹರಡುವವರೂ ಇದ್ದಿರಬಹುದು. ಯಾರು, ಏಕೆ ಎಂದು ಕೇಳಲು ನಮಗೆ ದಾರಿಯಿಲ್ಲ ಎಂಬುದೇ ನಮ್ಮ ತಕರಾರು. ಗಡಿಯಲ್ಲಿ ನಿಂತ ಸೈನಿಕ ನಮ್ಮ ನಿಮ್ಮ ಮನೆಯ ಮಗ, ಕೊಡಗಿನವನು, ಬೆಳಗಾವಿಯವನು. ಅವನ ಹೆಸರು ಹೇಳಿ ನಮ್ಮ ಬಾಯಿ ಮುಚ್ಚಿಸುವವರು ಅವನಿಗೂ ಉಪಕಾರ ಮಾಡುತ್ತಿಲ್ಲ.

2016ರ ನವೆಂಬರ್ 8ರ ರಾತ್ರಿ ಎಂಟು ಗಂಟೆಯನ್ನು ವರ್ತಕರಿಗೆ ನೆನಪಿಸಬೇಕಾಗಿಲ್ಲ. ಚಲಾವಣೆಯಲ್ಲಿದ್ದ ಹಣದಲ್ಲಿ ನೂರಕ್ಕೆ 86ರಷ್ಟು ಭಾಗ ನಾಲ್ಕು ಗಂಟೆಯ ನೋಟೀಸಿನಲ್ಲಿ ಕಾಗದವಾಯಿತು. ಸುಗ್ರೀವಾಜ್ಞೆಯೂ ಅಲ್ಲ, ಗೆಜೆಟ್ಟಿನ ಅಧಿಸೂಚನೆ. ಭಯೋತ್ಪಾದಕರು, ಖೋಟಾ ನೋಟು, ಗಡಿ ಎಂದರು. ಸಾಲಿನಲ್ಲಿ ನಿಂತು ಗೊಣಗಿದವನಿಗೆ ಸೈನಿಕನ ಉದಾಹರಣೆ ಕೊಟ್ಟರು. ಕೊನೆಗೆ ನೂರಕ್ಕೆ 99ಕ್ಕೂ ಮೇಲೆ ಹಣ ಬ್ಯಾಂಕಿಗೆ ಹಿಂದಿರುಗಿತು ಎಂದು ರಿಸರ್ವ್ ಬ್ಯಾಂಕೇ ಲೆಕ್ಕ ಕೊಟ್ಟಿತು. 2023ರ ಜನವರಿ 2ರಂದು ಸರ್ವೋಚ್ಚ ನ್ಯಾಯಾಲಯದ ನಾಲ್ವರು ಅದನ್ನು ಸರಿ ಎಂದರು. ಕರ್ನಾಟಕದ ನ್ಯಾಯಮೂರ್ತಿ ಬಿ. ವಿ. ನಾಗರತ್ನ ಅವರೊಬ್ಬರು, ಇಷ್ಟು ದೊಡ್ಡ ಕೆಲಸ ಶಾಸನದ ಮೂಲಕ ಆಗಬೇಕಿತ್ತು ಎಂದು ಬರೆದರು. ಕಾಮಾಕ್ಷಿಪಾಳ್ಯದ ಲೇತ್ ಶೆಡ್ಡುಗಳಲ್ಲಿ ವಾರದ ಬಟವಾಡೆ ನಗದಿನಲ್ಲಿ ಆಗುತ್ತಿತ್ತು. ಅಲ್ಲಿಯವರು ಆ ಒಬ್ಬರ ಮಾತನ್ನು ಓದಿದರೆ ಅರ್ಥ ಮಾಡಿಕೊಳ್ಳುತ್ತಾರೆ.

ಇನ್ನು ರಾಜ್ಯ ಸರ್ಕಾರಗಳೂ ಇದರಲ್ಲಿ ಹಿಂದೆ ಬಿದ್ದಿಲ್ಲ. 2020ರ ಮೇ ಮೊದಲ ವಾರದಲ್ಲಿ, ಕಟ್ಟಡ ಕಂಪನಿಗಳವರನ್ನು ಭೇಟಿಯಾದ ಮೇಲೆ, ಹೊರರಾಜ್ಯದ ಕೂಲಿಗಳನ್ನು ಊರಿಗೆ ಕಳಿಸುವ ರೈಲುಗಳನ್ನ ಆಗಿನ ರಾಜ್ಯ ಸರ್ಕಾರ ರದ್ದು ಮಾಡಿಸಿತು. ಛೀಮಾರಿ ಬಿದ್ದ ಮೇಲೆ ಮತ್ತೆ ಬಿಟ್ಟಿತು. ಅದೇ ಮೇ 22ರಂದು ಕಾರ್ಖಾನೆಗಳಲ್ಲಿ ದಿನಕ್ಕೆ 10 ಗಂಟೆ, ವಾರಕ್ಕೆ 60 ಗಂಟೆ ದುಡಿಸಬಹುದೆಂದು ಅಧಿಸೂಚನೆ ಹೊರಡಿಸಿತು. ಯಾವ ಅಧಿಕಾರದಿಂದ? ಕಾರ್ಖಾನೆಗಳ ಕಾಯಿದೆಯ 5ನೆಯ ಕಲಮಿನಿಂದ. ಆ ಕಲಮನ್ನು ಓದಿ ನೋಡಿ. ಯುದ್ಧ, ಹೊರಗಿನ ಆಕ್ರಮಣ ಅಥವಾ ಆಂತರಿಕ ಗಲಭೆಯಿಂದ ದೇಶದ ಭದ್ರತೆಗೆ ಅಪಾಯ ಬಂದಾಗ ಬಳಸಬೇಕಾದ ಕಲಮು ಅದು. ಯಾವ ಶತ್ರು ಪೀಣ್ಯದ ಮೇಲೆ ದಂಡೆತ್ತಿ ಬಂದಿದ್ದ? ಹೈಕೋರ್ಟಿನಲ್ಲಿ ಪ್ರಶ್ನೆ ಎದ್ದಾಗ ಜೂನ್ 11ರಂದು ಹಿಂತೆಗೆದುಕೊಂಡರು. ಗುಜರಾತಿನ ಇಂಥದೇ ಅಧಿಸೂಚನೆಯನ್ನು ಸರ್ವೋಚ್ಚ ನ್ಯಾಯಾಲಯ ಅಕ್ಟೋಬರ್ 1ರಂದು ರದ್ದುಪಡಿಸಿತು. ಸಾಂಕ್ರಾಮಿಕ ರೋಗ ಎಷ್ಟೇ ಘೋರವಾಗಿರಲಿ, ಅದು ಯುದ್ಧವಲ್ಲ ಎಂದಿತು. ಆದರೂ ಆಸೆ ಸಾಯಲಿಲ್ಲ. 2023ರ ಫೆಬ್ರುವರಿಯಲ್ಲಿ ದಿನಕ್ಕೆ 12 ಗಂಟೆಯವರೆಗೆ ದುಡಿಸಲು ಅವಕಾಶ ಕೊಡುವ ತಿದ್ದುಪಡಿಯನ್ನೇ ನಮ್ಮ ವಿಧಾನಮಂಡಲ ಪಾಸು ಮಾಡಿತು. ಮೇ ತಿಂಗಳಲ್ಲಿ ಸರ್ಕಾರ ಬದಲಾಯಿತು. 2025ರ ಜೂನಿನಲ್ಲಿ ಬೇರೆ ಪಕ್ಷದ ಆ ಸರ್ಕಾರವೂ ಅಂಗಡಿ ಮುಂಗಟ್ಟುಗಳ ಕಾಯಿದೆಯಲ್ಲಿ ದುಡಿಮೆಯ ವೇಳೆ ಹೆಚ್ಚಿಸುವ ಪ್ರಸ್ತಾಪ ಇಟ್ಟಿತು. ಬಣ್ಣ ಬೇರೆ, ಗಡಿಯಾರ ಒಂದೇ.

ಮರುತಿಂಗಳು, ಜುಲೈಯಲ್ಲಿ, ಯುಪಿಐ ಲೆಕ್ಕ ನೋಡಿ ಬೇಕರಿ, ತರಕಾರಿ, ಕಾಂಡಿಮೆಂಟ್ಸ್ ಅಂಗಡಿಗಳಿಗೆ ಜಿಎಸ್‌ಟಿ ನೋಟೀಸುಗಳು ಬಂದದ್ದು ನಿಮಗೆ ಗೊತ್ತು. ಕ್ಯೂಆರ್ ಹಲಗೆಗಳು ಕೆಳಗಿಳಿದವು, ಅಂಗಡಿಗಳಲ್ಲಿ 'ನಗದು ಮಾತ್ರ' ಎಂಬ ಚೀಟಿ ಬಂತು, ಬಂದ್ ಕರೆ ಬಂತು. ಆಗ ಮುಖ್ಯಮಂತ್ರಿಗಳು ಕರೆದು ಮಾತನಾಡಿದರು, ಹಳೆಯ ಬಾಕಿಯನ್ನು ವಸೂಲು ಮಾಡುವುದಿಲ್ಲ ಎಂದರು. ಕರೆದು ಮಾತನಾಡುವುದು ನೋಟೀಸು ಕಳಿಸುವ ಮೊದಲೇ ಆಗಬಹುದಿತ್ತು.

ಇದೆಲ್ಲ ಕೇಳಿ, ಹುಕುಂ ಎದುರು ನಮ್ಮದೇನು ನಡೆದೀತು ಎಂದು ಯಾರಾದರೂ ಕೈಚೆಲ್ಲುವುದಾದರೆ 2016ರ ಏಪ್ರಿಲ್ 18 ಮತ್ತು 19ನ್ನು ನೆನೆಯಬೇಕು. ಭವಿಷ್ಯನಿಧಿಯಲ್ಲಿ ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯಕೂಡದು ಎಂದು ಕೇಂದ್ರ ಸರ್ಕಾರ ಫೆಬ್ರುವರಿಯಲ್ಲಿ ಅಧಿಸೂಚನೆ ಹೊರಡಿಸಿತ್ತು. ಗಾರ್ಮೆಂಟಿನ ಹೆಣ್ಣುಮಕ್ಕಳಲ್ಲಿ ಆ ವಯಸ್ಸಿನವರೆಗೆ ಆ ಯಂತ್ರದ ಮುಂದೆ ಕೂರುವವರು ಎಷ್ಟು ಮಂದಿ? ಕೆಲಸ ಬಿಟ್ಟಾಗ ಕೈಗೆ ಬರುವ ಆ ಹಣ ಮಗಳ ಮದುವೆ, ಹಳೆಯ ಸಾಲ, ಊರಿನಲ್ಲೊಂದು ಗೋಡೆ. ಯಾವ ದೊಡ್ಡ ಯೂನಿಯನ್ನೂ ಕರೆ ಕೊಡದೆ ಅವರು ಹೊಲಿಗೆ ಯಂತ್ರ ಬಿಟ್ಟು ರಸ್ತೆಗೆ ಬಂದರು. ತುಮಕೂರು ರಸ್ತೆ, ಹೊಸೂರು ರಸ್ತೆ ನಿಂತುಹೋದವು. ಲಾಠಿ ಬಿತ್ತು, ಅಶ್ರುವಾಯು ಸಿಡಿಯಿತು, ಬಸ್ಸುಗಳಿಗೆ ಬೆಂಕಿ ಬಿತ್ತು. ಬೆಂಕಿಯನ್ನು ನಾವು ಮೆಚ್ಚುವುದಿಲ್ಲ. ಎರಡನೆಯ ದಿನದ ಸಂಜೆಯೊಳಗೆ ದೆಹಲಿಯವರು ಅಧಿಸೂಚನೆಯನ್ನು ಹಿಂತೆಗೆದುಕೊಂಡರು. ವಕೀಲರೂ ಇರಲಿಲ್ಲ, ಮುಂದಾಳುಗಳೂ ಇರಲಿಲ್ಲ.

ಬಸವೇಶ್ವರನಗರ ಎಂದು ಬಡಾವಣೆಗೆ ಹೆಸರಿಟ್ಟಿದ್ದೇವೆ. ಕಲ್ಯಾಣದಲ್ಲಿ ಕಾಯಕದವರೂ ವರ್ತಕರೂ ಒಂದೇ ಸಾಲಿನಲ್ಲಿ ಕುಳಿತದ್ದು ಅರಮನೆಗೆ ಸಹಿಸಲಿಲ್ಲ. ಹರಳಯ್ಯ ಮಧುವರಸರಿಗೆ ಶಿಕ್ಷೆ ವಿಧಿಸಿದ್ದೂ ರಾಜಾಜ್ಞೆಯೇ. ಜಯಂತಿಯ ದಿನ ಮೆರವಣಿಗೆ ಮಾಡುವವರು ಕಥೆಯ ಆ ಭಾಗವನ್ನು ಬೇಗ ದಾಟಿಬಿಡುತ್ತಾರೆ. ಹೋಗಲಿ, ಅದು ಇನ್ನೊಂದು ದಿನದ ಭಾಷಣ.

ಈಗ ಎದುರಿಗಿರುವ ಕೆಲಸ ಹೇಳಿ ಕುಳಿತುಕೊಳ್ಳುತ್ತೇವೆ. ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದಿವೆ. ಅವುಗಳಲ್ಲಿ ಮೂರನ್ನು 2020ರ ಸೆಪ್ಟೆಂಬರಿನಲ್ಲಿ, ವಿರೋಧಪಕ್ಷದ ಬೆಂಚುಗಳು ಖಾಲಿಯಿದ್ದಾಗ, ಎರಡೇ ದಿನದಲ್ಲಿ ಪಾಸು ಮಾಡಿದರು. 39ನೆಯ ತಿದ್ದುಪಡಿಗೂ ಎರಡೇ ದಿನ ಹಿಡಿದಿತ್ತು ಎಂದು ಆಗಲೇ ಹೇಳಿದೆವು. ಹೊಸ ಸಂಹಿತೆಯ ಪ್ರಕಾರ 14 ದಿನದ ನೋಟೀಸಿಲ್ಲದೆ ಯಾವ ಕಾರ್ಖಾನೆಯಲ್ಲೂ ಮುಷ್ಕರ ಹೂಡುವಂತಿಲ್ಲ. 300ಕ್ಕಿಂತ ಕಡಿಮೆ ಜನರಿರುವ ಕಾರ್ಖಾನೆಯ ಮಾಲೀಕ ಸರ್ಕಾರದ ಅನುಮತಿಯಿಲ್ಲದೆ ಕೆಲಸಗಾರರನ್ನು ತೆಗೆಯಬಹುದು. ಹಿಂದೆ ಈ ಮಿತಿ 100 ಇತ್ತು. ಹೊಸ ಕಾರ್ಖಾನೆಗಳಿಗೆ ಸುರಕ್ಷತಾ ಸಂಹಿತೆಯಿಂದಲೇ ವಿನಾಯಿತಿ ಕೊಡುವ ಅಧಿಕಾರ ಸರ್ಕಾರದ ಕೈಯಲ್ಲಿದೆ, ಅದಕ್ಕೂ ಅಧಿಸೂಚನೆ ಸಾಕು. ರಾಜಾಜಿನಗರ ಕೈಗಾರಿಕಾ ಬಡಾವಣೆಯಲ್ಲಿ 300 ಜನರಿರುವ ಶೆಡ್ಡು ಎಷ್ಟಿವೆ ಎಂದು ನೀವೇ ಎಣಿಸಿ ನೋಡಿ.

ಮುಂದಿನ ಭಾನುವಾರ ಬೆಳಗ್ಗೆ ಹತ್ತಕ್ಕೆ ಇದೇ ಜಾಗದಲ್ಲಿ ಸಂಹಿತೆಗಳನ್ನು ಕಲಂ ಕಲಮಾಗಿ ಕನ್ನಡದಲ್ಲಿ ಓದುತ್ತೇವೆ. ನೋಟೀಸು ಬಂದಿರುವ ವರ್ತಕರು ನೋಟೀಸನ್ನು ತನ್ನಿ, ಗಾರ್ಮೆಂಟಿನವರು ಸಂಬಳದ ಚೀಟಿ ತನ್ನಿ. ಮಧ್ಯಾಹ್ನದ ಪಾಳಿಯವರಿಗಾಗಿ ಓದನ್ನು ಹನ್ನೆರಡೂವರೆಗೆ ಮುಗಿಸುತ್ತೇವೆ.